ಆ ಗೊರಕೆ ನಿದ್ದೆಯದಲ್ಲ

ಹೀಗೊಂದು ರಾತ್ರಿಯನ್ನು ಊಹಿಸಿಕೊಳ್ಳಿ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕಡೆಯ ಒಂದು ಬಾಡಿಗೆ ವಠಾರ, ಶೀಟಿನ ಸೂರು, ಒಂದು ರೂಮಿಗೆ ನಾಲ್ಕು ಹುಡುಗರು. ಎರಡನೇ ಪಾಳಿ ಮುಗಿಸಿ ಬಂದವನೊಬ್ಬ ಬೆನ್ನುನೋವಿಗೆಂದು ಯಾರೋ ಕೊಟ್ಟ ಗುಳಿಗೆ ನುಂಗಿದ್ದಾನೆ. ಒಂದಕ್ಕೆ ಏನೂ ಆಗಲಿಲ್ಲವೆಂದು ಇನ್ನೆರಡು ನುಂಗಿದ್ದಾನೆ, ಮೇಲೊಂದು ಕ್ವಾರ್ಟರ್ ಏರಿಸಿದ್ದಾನೆ. ಹನ್ನೆರಡರ ಹೊತ್ತಿಗೆ ಅವನ ಗೊರಕೆ ಶುರುವಾಗುತ್ತದೆ. ಒಂದು ಎಳೆತ, ಆಮೇಲೆ ದೀರ್ಘ ಮೌನ. ಗಂಟಲಲ್ಲಿ ನೀರು ಗೊರಗುಟ್ಟಿದಂಥ ಸದ್ದು, ಮತ್ತೆ ಮೌನ. ಪಕ್ಕದವನು ಎದ್ದು ನೋಡಿ, "ಸುಸ್ತಾಗವ್ನೆ, ಮಲಕ್ಕೊಳ್ಲಿ ಬಿಡು" ಅಂದು ಮಗ್ಗುಲು ಬದಲಿಸುತ್ತಾನೆ. ಬೆಳಗ್ಗೆ ಆರಕ್ಕೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿದೆ.

ಈ ಹುಡುಗ ಕಲ್ಪನೆಯವನು, ಆ ಗೊರಕೆ ಮಾತ್ರ ವೈದ್ಯಕೀಯ ಪುಸ್ತಕದ್ದು. ಅಫೀಮಿನ ಕುಲಕ್ಕೆ ಸೇರಿದ ಯಾವುದೇ ಔಷಧ ಮಿತಿ ಮೀರಿದಾಗ ಕೇಳಿಸುವ ಸದ್ದು ಅದು. ಈ ಕುಲಕ್ಕೆ ಓಪಿಯಾಯ್ಡ್ ಎಂದು ಹೆಸರು. ಮಾರ್ಫೀನ್, ಹೆರಾಯಿನ್, ಕೊಡೀನ್, ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್ ಎಲ್ಲವೂ ಒಂದೇ ಮನೆತನದವು. ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಈ ಸಾವುಗಳಿಗೆ ಸಾಕ್ಷಿಯಾದವರನ್ನು ಕೇಳಿದಾಗಲೆಲ್ಲ ಬಂದ ಉತ್ತರ ಹೆಚ್ಚುಕಡಿಮೆ ಒಂದೇ: ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡೆವು. ಪಕ್ಕದಲ್ಲಿ ಜನ ಇದ್ದೂ ಆಗುವ ಸಾವು ಇದು. ಇದನ್ನು ತಡೆಯುವ ಔಷಧವೂ ಇದೆ. ಆದರೆ ಔಷಧ ಆಸ್ಪತ್ರೆಯಲ್ಲಿರುತ್ತದೆ, ಕೈಲಿರುವ ನಿಮಿಷಗಳು ರೂಮಿನಲ್ಲಿ ಕರಗಿಹೋಗುತ್ತವೆ. ಈ ಲೇಖನದ ಚಿಂತೆ ಅಷ್ಟೇ.

ಒಳಗೆ ಆಗುವುದೇನು? ಮಿದುಳಿನ ಬುಡದಲ್ಲಿ, ಬೆನ್ನುಹುರಿಗೆ ಕೂಡುವ ಕಾಂಡಭಾಗದಲ್ಲಿ, ಉಸಿರಿನ ತಾಳ ಹಾಕುವ ನರಕೋಶಗಳ ಒಂದು ಪುಟ್ಟ ಗುಂಪಿದೆ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದೊಡನೆ "ಎಳೆ ಉಸಿರು" ಎಂದು ಎದೆಗೂಡಿಗೆ ಆಜ್ಞೆ ಹೋಗುವುದು ಅಲ್ಲಿಂದ. ನೋವನ್ನು ತಗ್ಗಿಸಲು ಓಪಿಯಾಯ್ಡ್ ಯಾವ ಗ್ರಾಹಿಗಳ ಮೇಲೆ ಕೂರುತ್ತದೋ ಅದೇ ಗ್ರಾಹಿಗಳು ಈ ಗುಂಪಿನಲ್ಲೂ ಇವೆ. ಮದ್ದು ಹೆಚ್ಚಾದರೆ ಇಂಗಾಲದ ಡೈ ಆಕ್ಸೈಡ್ ಏರಿದರೂ ಮಿದುಳಿಗೆ ಅವಸರವೇ ಅನ್ನಿಸುವುದಿಲ್ಲ. ಉಸಿರುಗಟ್ಟಿದವನು ಒದ್ದಾಡುತ್ತಾನೆ, ಇವನು ಒದ್ದಾಡುವುದಿಲ್ಲ. ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಅರ್ಧ ಮುಚ್ಚುತ್ತದೆ, ಗೊರಕೆ ಬರುವುದು ಅದರಿಂದ. ಕಣ್ಣಿನ ಪಾಪೆ ಸಾಸಿವೆಗಿಂತ ಚಿಕ್ಕದಾಗಿ ಗುಂಡುಸೂಜಿಯ ಮೊನೆಯಂತಾಗುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಮೈಬಣ್ಣ ಕಪ್ಪಿದ್ದವರಲ್ಲಿ ನೀಲಿಗಿಂತ ಬೂದಿ ಬಣ್ಣವೇ ಮೊದಲು ಕಾಣುತ್ತದೆ, ಒಳತುಟಿ ನೋಡಿದರೆ ಗೊತ್ತಾಗುತ್ತದೆ. ಉಸಿರು ಪೂರ್ತಿ ನಿಂತ ಮೇಲೆ ಮಿದುಳಿಗಿರುವ ಗಡುವು ನಾಲ್ಕರಿಂದ ಆರು ನಿಮಿಷ.

ಈಗ ಆ ಔಷಧದ ಮಾತು. ಹೆಸರು ನಾಲೋಕ್ಸೋನ್. ಅದು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ನನಗೆ ತೋಚುವ ಹೋಲಿಕೆ ನಮ್ಮ ಬಸ್ಸಿನದು. ಓಪಿಯಾಯ್ಡ್ ಟವೆಲ್ ಹಾಕಿ ಸೀಟು ಹಿಡಿದ ಪ್ರಯಾಣಿಕ. ನಾಲೋಕ್ಸೋನ್ ಅವನಿಗಿಂತ ಗಟ್ಟಿಗ. ಅವನನ್ನು ಪಕ್ಕಕ್ಕೆ ತಳ್ಳಿ ತಾನು ಕೂರುತ್ತದೆ, ಕೂತು ಏನೂ ಮಾಡುವುದಿಲ್ಲ. ಅಮಲಿಲ್ಲ, ನೋವು ಶಮನವಿಲ್ಲ, ಚಟವಿಲ್ಲ. ಸೀಟು ಖಾಲಿಯಾದದ್ದೇ ಸಾಕು, ಎರಡು ಮೂರು ನಿಮಿಷದಲ್ಲಿ ಉಸಿರಿನ ತಾಳ ಮರಳುತ್ತದೆ. ಓಪಿಯಾಯ್ಡ್ ಸೇವಿಸದವನಿಗೆ ಕೊಟ್ಟರೆ ಗಮನಿಸುವಂಥ ಪರಿಣಾಮವೇ ಇಲ್ಲ. ಆದರೆ ಈ ಗಟ್ಟಿಗ ಬೇಗ ಇಳಿದುಹೋಗುವವನು, ಮೂವತ್ತರಿಂದ ತೊಂಬತ್ತು ನಿಮಿಷದೊಳಗೆ. ಮೊದಲಿನವನು ಇನ್ನೂ ಬಸ್ಸಿನಲ್ಲೇ ಕಂಬಿ ಹಿಡಿದು ನಿಂತಿದ್ದರೆ ಮತ್ತೆ ಬಂದು ಕೂರುತ್ತಾನೆ. ಎದ್ದು ಕೂತು ಮಾತಾಡಿದವನು ಗಂಟೆ ಕಳೆದು ಮತ್ತೆ ಉಸಿರು ನಿಲ್ಲಿಸಬಹುದು. ನಾಲೋಕ್ಸೋನ್ ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು ಅನ್ನುವುದು ಈ ಕಾರಣಕ್ಕೆ.

ಬೆಂಗಳೂರಿನ ಅಂಚಿನ ನಮ್ಮ ಜಿಲ್ಲೆಗೆ ಇದೆಲ್ಲ ಯಾಕೆ? ಗಾಂಜಾ ಹಿಡಿದರು, ಎಂಡಿಎಂಎ ಹಿಡಿದರು ಎಂಬ ಸುದ್ದಿ ಓದಿ ಓದಿ ಮಾದಕ ಅಂದರೆ ಅವೆರಡೇ ಎಂಬ ಭಾವನೆ ಬೆಂಗಳೂರಿನ ಸುತ್ತಮುತ್ತ ಬೇರೂರಿದೆ. ಆ ಎರಡೂ ಓಪಿಯಾಯ್ಡ್‌ಗಳಲ್ಲ, ನಾಲೋಕ್ಸೋನ್‌ಗೂ ಅವಕ್ಕೂ ಸಂಬಂಧವಿಲ್ಲ. ಆದರೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಬೇರೆಯದೇ ಚಿತ್ರ ಕೊಟ್ಟಿತು. 10ರಿಂದ 75 ವರ್ಷದ ಭಾರತೀಯರಲ್ಲಿ ಸುಮಾರು ಶೇ. 2.1, ಅಂದರೆ 2.26 ಕೋಟಿ ಜನ, ಒಂದಲ್ಲ ಒಂದು ಓಪಿಯಾಯ್ಡ್ ಬಳಸುತ್ತಾರೆ. ಇದು ಜಗತ್ತಿನ ಸರಾಸರಿಯ ಮೂರು ಪಟ್ಟು. ಅವರಲ್ಲಿ ದೊಡ್ಡದೊಂದು ಪಾಲು ಹೆರಾಯಿನ್ ಮುಖವನ್ನೇ ನೋಡದವರು. ಅವರು ಬಳಸುವುದು ಮೆಡಿಕಲ್ ಸ್ಟೋರಿನ ಕಪಾಟಿನಲ್ಲಿ ಇರುವ ಮಾತ್ರೆ, ಸಿರಪ್ಪು.

ಆ ಕಪಾಟಿನ ಇತಿಹಾಸವೇ ನನ್ನ ಭಯಕ್ಕೆ ಆಧಾರ. ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಎಂಬ ನೋವುನಿವಾರಕವನ್ನು ಸರ್ಕಾರ 2013ರಲ್ಲಿ ತಡೆಯಿತು. ಪ್ರಾಕ್ಸಿವಾನ್ ಎಂದರೆ ಹಳಬರಿಗೆ ನೆನಪಾದೀತು. ಅದರ ಜಾಗಕ್ಕೆ ಟ್ರಮಡಾಲ್ ಬಂತು. ಟ್ರಮಡಾಲ್ ದುರ್ಬಳಕೆ ಏರಿ, 2018ರ ಏಪ್ರಿಲ್‌ನಲ್ಲಿ ಅದನ್ನು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಿದರು. ಅದರ ಸೋದರಸಂಬಂಧಿ ಟ್ಯಾಪೆಂಟಡಾಲ್ ಆಗ ಆ ಪಟ್ಟಿಯಲ್ಲಿರಲಿಲ್ಲ, ಶಕ್ತಿಯಲ್ಲಿ ಮಾತ್ರ ಟ್ರಮಡಾಲ್‌ಗಿಂತ ಹೆಚ್ಚಿನದು. ಗಿರಾಕಿಗಳು ಅತ್ತ ಸರಿದರು. ಬೆಂಗಳೂರಿನ ಪೊಲೀಸರು ಹಿಡಿದ ಮಾಲಿನ ಪಟ್ಟಿಯಲ್ಲಿ ಕೆಲವು ವರ್ಷಗಳಿಂದ ಈ ಗುಳಿಗೆಯ ಹೆಸರು ಕಾಣುತ್ತಿದೆ. ಪುಡಿ ಮಾಡಿ ನೀರಿಗೆ ಕಲಸಿ ನರಕ್ಕೆ ಚುಚ್ಚಿಕೊಳ್ಳುವವರು ಬಾವು, ಕಾಮಾಲೆ ಹೊತ್ತು ಆಸ್ಪತ್ರೆಗೆ ಬರುವುದೂ ವೈದ್ಯರಿಗೆ ಹೊಸದಲ್ಲ. 2023ರ ಜೂನ್‌ನಲ್ಲಿ ಕೊಡೀನ್ ಬೆರೆತ ಒಂದು ಬಗೆಯ ಕೆಮ್ಮಿನ ಸಿರಪ್ಪೂ ಸೇರಿದಂತೆ 14 ಮಿಶ್ರಣಗಳನ್ನು ನಿಷೇಧಿಸಿದರು. 2025ರ ಫೆಬ್ರುವರಿಯಲ್ಲಿ, ಟ್ಯಾಪೆಂಟಡಾಲ್‌ಗೆ ಕ್ಯಾರಿಸೊಪ್ರೊಡಾಲ್ ಬೆರೆಸಿದ ಗುಳಿಗೆ ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಅಲ್ಲಿನ ಬೀದಿಗಳನ್ನು ಕೆಡಿಸುತ್ತಿದೆ ಎಂದು ಬಿಬಿಸಿ ತೋರಿಸಿದ ಮೇಲೆ, ಅದರ ತಯಾರಿಕೆ ಮತ್ತು ರಫ್ತಿಗೂ ತಡೆ ಬಿತ್ತು.

ಪ್ರತಿ ನಿಷೇಧವೂ ಸರಿಯೇ ಇದ್ದೀತು. ಆದರೆ ಒಂದು ಬಾಗಿಲು ಹಾಕಿದಾಗ ತೆರೆದುಕೊಂಡ ಇನ್ನೊಂದರ ಹಿಂದೆ ಇದ್ದದ್ದು ಹೆಚ್ಚು ಕಟುವಾದ ಸರಕು, ಅಮೆರಿಕದ ಕಥೆಯೂ ಇದೇ. ಅಲ್ಲಿ ವೈದ್ಯರು ಧಾರಾಳವಾಗಿ ಬರೆದ ಮಾತ್ರೆಗಳು ಮೊದಲು, ಅವು ಬಿಗಿಯಾದ ಮೇಲೆ ಹೆರಾಯಿನ್, ಆಮೇಲೆ ಫೆಂಟನಿಲ್. 2022ರಲ್ಲಿ ಎಲ್ಲ ಬಗೆಯ ಮಾದಕಗಳ ಮಿತಿಮೀರಿದ ಸೇವನೆಯಿಂದ ಅಲ್ಲಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಎರಡು ಮಿಲಿಗ್ರಾಂ ಫೆಂಟನಿಲ್, ಉಪ್ಪಿನ ಕೆಲವೇ ಹರಳಿನಷ್ಟು, ಅಭ್ಯಾಸವಿಲ್ಲದವನನ್ನು ಕೊಲ್ಲಬಲ್ಲದು. ಅದು ದೂರದೇಶದ ವಿಷ ಎನ್ನುವಂತೆಯೂ ಇಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಇಂದೋರಿನ ಒಂದು ಪ್ರಯೋಗಾಲಯದಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ (ಡಿಆರ್‌ಐ) ಅಧಿಕಾರಿಗಳು ಸುಮಾರು ಒಂಬತ್ತು ಕಿಲೋ ಫೆಂಟನಿಲ್ ಹಿಡಿದರು. ಇತ್ತ 2022ರಲ್ಲಿ ತಾಲಿಬಾನ್ ಗಸಗಸೆ ಬೆಳೆ ನಿಷೇಧಿಸಿದ ಮೇಲೆ, ಮರುವರ್ಷ ಅಫ್ಘಾನಿಸ್ತಾನದ ಅಫೀಮು ಶೇ. 95ರಷ್ಟು ಕುಸಿಯಿತೆಂದು ವಿಶ್ವಸಂಸ್ಥೆ ಲೆಕ್ಕ ಕೊಟ್ಟಿತು. ಹೊಲದ ಸರಕು ಸಿಗದಿದ್ದಾಗ ಪ್ರಯೋಗಾಲಯದ ಸರಕು ಬರುತ್ತದೆ. ನಿಟಾಜೀನ್ ಎಂಬ ಹೊಸ ಗುಂಪು, ಕೆಲವಂತೂ ಫೆಂಟನಿಲ್‌ಗಿಂತ ಪ್ರಬಲ, ಯೂರೋಪು ಮತ್ತು ಪಶ್ಚಿಮ ಆಫ್ರಿಕಾದ ಬೀದಿಗಳಲ್ಲಿ ಈಗಾಗಲೇ ಸಿಕ್ಕಿದೆ.

(ಗಸಗಸೆ ಅಂದೊಡನೆ ಹಬ್ಬದ ಊಟ ನೆನಪಾದವರಿಗೆ ಒಂದು ಮಾತು. ಪಾಯಸ ಕುಡಿದು ಮಧ್ಯಾಹ್ನ ಬರುವ ಜೋಂಪಿನಲ್ಲಿ ಹೋಳಿಗೆಯ ಪಾಲೂ ಸಾಕಷ್ಟಿದೆ. ಬೀಜದಲ್ಲಿ ಮಾರ್ಫೀನ್ ಇರುವುದು ಲೆಕ್ಕಕ್ಕೆ ಬಾರದಷ್ಟು, ಅದು ಇರುವುದು ಕಾಯಿಯ ಹಾಲಿನಲ್ಲಿ. ಪಾಯಸಕ್ಕೆ ನಾಲೋಕ್ಸೋನ್ ಬೇಕಿಲ್ಲ.)

ಈಗ ಭೂಪಟ ತೆಗೆದು ನೋಡಿ. ನೆಲಮಂಗಲದಲ್ಲಿ ಪುಣೆ ಕಡೆಯ ಹೆದ್ದಾರಿ ಮತ್ತು ಮಂಗಳೂರು ಕಡೆಯ ಹೆದ್ದಾರಿ ಕವಲೊಡೆಯುತ್ತವೆ. ಹೊಸಕೋಟೆ ಚೆನ್ನೈ ದಾರಿಯ ಬಾಗಿಲು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ, ಸರಕು ಟರ್ಮಿನಲ್. ಈ ಮೂರನ್ನೂ ದೊಡ್ಡಬಳ್ಳಾಪುರವನ್ನೂ ದಾಬಸ್‌ಪೇಟೆಯಿಂದ ಹೊಸಕೋಟೆಯವರೆಗೆ ಈಗ ಸ್ಯಾಟಲೈಟ್ ರಿಂಗ್ ರೋಡ್ ಹೊಲಿದಿದೆ. ಗೋದಾಮಿನಲ್ಲಿ ದಿನವಿಡೀ ಮೂಟೆ ಇಳಿಸುವವರು, ಎರಡು ರಾತ್ರಿ ನಿದ್ದೆಗೆಟ್ಟು ಲಾರಿ ಓಡಿಸುವವರು, ಮಗ್ಗದ ಮುಂದೆ ಹನ್ನೆರಡು ಗಂಟೆ ನಿಲ್ಲುವವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಗಾರ್ಮೆಂಟ್ಸ್‌ನಲ್ಲಿ ಕುತ್ತಿಗೆ ಬಗ್ಗಿಸಿ ಹೊಲಿಯುವವರು ಇರುವ ಜಿಲ್ಲೆ ಇದು. ಇಲ್ಲಿ ನೋವು ದಿನದ ಕೂಲಿಯ ಜೊತೆಗೇ ಬರುತ್ತದೆ. ರಜೆ ಹಾಕಿದರೆ ಹಾಜರಾತಿ ಬೋನಸ್ ಹೋಯಿತು. ಗುಳಿಗೆ ನುಂಗಿದರೆ ಪಾಳಿ ಉಳಿಯಿತು. ಚಟದ ಕತೆ ಮೋಜಿನಿಂದ ಶುರುವಾಗುತ್ತದೆಂದು ಭಾಷಣ ಮಾಡುವವರು ಈ ನೋವಿನ ದಾರಿಯನ್ನು ಮರೆಯುತ್ತಾರೆ. ಹೊರರಾಜ್ಯದ ಹುಡುಗರು ತಂದ ರೋಗ ಎಂದು ಬೆರಳು ತೋರಿಸುವುದು ಇನ್ನೂ ಸುಲಭ. ನೋವಿನ ಗುಳಿಗೆಗೆ ಆಧಾರ್ ವಿಳಾಸ ಗೊತ್ತಿಲ್ಲ.

ಹಾಗಾದರೆ ಸತ್ತವರೆಷ್ಟು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ಕ್ಕೆ ಇಡೀ ದೇಶದಲ್ಲಿ ಮಾದಕದ ಮಿತಿಮೀರಿದ ಸೇವನೆಯ ಸಾವು 681 ಎಂದು ಬರೆದಿದೆ. 140 ಕೋಟಿಯಲ್ಲಿ 681! ಇಷ್ಟೇನಾ ಎಂದು ನಿಟ್ಟುಸಿರು ಬಿಡುವ ಮುನ್ನ ಆ ಅಂಕಿ ಹುಟ್ಟುವ ದಾರಿಯನ್ನು ನೋಡಬೇಕು. ವಠಾರದ ಆ ಹುಡುಗನ ಸಾವಿಗೆ ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದ ಊತ ಬಿಟ್ಟು ಕಣ್ಣಿಗೆ ಬೀಳುವಂಥದ್ದೇನೂ ಇರುವುದಿಲ್ಲ. ಒಳಾಂಗದ ತುಣುಕುಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ, ಅಲ್ಲಿ ಸರತಿ. ವರದಿ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಬಂದಾಗಲೂ ಮದ್ಯಸಾರ ಸಿಕ್ಕಿತೆಂದಿದ್ದರೆ ಅಲ್ಲಿಗೆ ಕತೆ ಮುಗಿಯಿತು, ಟ್ಯಾಪೆಂಟಡಾಲ್ ಇತ್ತೇ ಎಂದು ಹುಡುಕದಿದ್ದರೆ ಅದು ಸಿಗುವುದೂ ಇಲ್ಲ. ಬಹಳ ಮನೆಗಳವರಂತೂ ಮರಣೋತ್ತರ ಪರೀಕ್ಷೆಯೇ ಬೇಡವೆಂದು ಕೈಮುಗಿಯುತ್ತಾರೆ. ಊರಲ್ಲಿ "ಹಾರ್ಟ್ ಅಟ್ಯಾಕ್ ಆಯ್ತಂತೆ, ಪಾಪ, ಇಪ್ಪತ್ನಾಲ್ಕು ವರ್ಷ" ಎಂಬ ಮಾತು ಉಳಿಯುತ್ತದೆ. ಹುಡುಕದೆ ಇದ್ದುದಕ್ಕೆ ಸಿಗದ ಅಂಕಿಯನ್ನು ಅಪಾಯವಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ ಒಪ್ಪಲು ನಾನು ಸಿದ್ಧನಿಲ್ಲ.

ಇನ್ನು ಅಪಾಯ ಎಲ್ಲಿ ಹೆಚ್ಚು ಎಂಬುದು. ಇದರಲ್ಲಿ ವಿಜ್ಞಾನ ಬಹಳ ಸ್ಪಷ್ಟ, ಸಾಮಾನ್ಯ ಊಹೆಗೆ ತೀರ ವಿರುದ್ಧ. ದಿನಾ ಸೇವಿಸುವವನ ದೇಹ ಮದ್ದಿಗೆ ಒಗ್ಗಿರುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿಕೆ ಕರಗುತ್ತದೆ, ಆಸೆ ಕರಗುವುದಿಲ್ಲ. ಹಳೆಯ ಅಳತೆಯನ್ನೇ ಮತ್ತೆ ತೆಗೆದುಕೊಂಡರೆ ಅದೇ ಕೊನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಬಂದವರನ್ನು ಹಿಂಬಾಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರ ಅವರು ಮಾದಕದ ಮಿತಿ ಮೀರಿ ಸಾಯುವ ಸಂಭವ ಉಳಿದ ಜನರಿಗಿಂತ 129 ಪಟ್ಟು ಇತ್ತು. ಬೆಂಗಳೂರಿನ ಹೊರವಲಯದ ರಸ್ತೆಗಳಲ್ಲಿ ವ್ಯಸನಮುಕ್ತಿ ಕೇಂದ್ರಗಳ ಬೋರ್ಡು ಬಹಳ ಕಾಣುತ್ತವೆ. ಮೂರು ತಿಂಗಳು ಒಳಗಿಟ್ಟು "ಕ್ಲೀನ್ ಆಗಿದ್ದಾನೆ, ಕರೆದುಕೊಂಡು ಹೋಗಿ" ಎಂದು ಮನೆಗೆ ಕಳಿಸುವ ದಿನವೇ ಓಪಿಯಾಯ್ಡ್ ವ್ಯಸನಿಯ ಬದುಕಿನ ಅತ್ಯಂತ ಅಪಾಯದ ದಿನಗಳಲ್ಲೊಂದು. ಮನೆಯವರಿಗೆ ಅದನ್ನು ಹೇಳಿ ಕಳಿಸಬೇಕು. ಜೊತೆಗೆ ಬ್ಯುಪ್ರಿನಾರ್ಫಿನ್‌ನಂಥ ಔಷಧದ ದೀರ್ಘಕಾಲದ ಚಿಕಿತ್ಸೆಯ ದಾರಿಯನ್ನೂ ತೋರಿಸಬೇಕು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇಲ್ಲಿಂದ ಒಂದೆರಡು ಗಂಟೆಯ ದಾರಿ.

ಎರಡನೆಯ ಅಪಾಯ ಬೆರಕೆ. ಮದ್ಯ, ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ ಮತ್ತು ಓಪಿಯಾಯ್ಡ್ ಮೂರೂ ಉಸಿರನ್ನು ಒಂದೇ ದಿಕ್ಕಿಗೆ ಎಳೆಯುತ್ತವೆ. ಒಂದೊಂದನ್ನು ತಾಳಿಕೊಳ್ಳುವ ದೇಹ ಕೂಟವನ್ನು ತಾಳಿಕೊಳ್ಳುವುದಿಲ್ಲ. ಮೂರನೆಯ ಅಪಾಯಕ್ಕೂ ಚಟಕ್ಕೂ ಸಂಬಂಧವೇ ಇಲ್ಲ. ಕಿಡ್ನಿ ಸೋತ ಅಜ್ಜನಿಗೆ ಬರೆದುಕೊಟ್ಟ ನೋವಿನ ಮಾತ್ರೆ ದೇಹದಿಂದ ಹೊರಹೋಗದೆ ಕೂಡಿಕೊಳ್ಳುತ್ತದೆ. ಕ್ಯಾನ್ಸರ್ ಇರುವ ಅತ್ತೆಯ ಎದೆಗೆ ಅಂಟಿಸಿದ ಫೆಂಟನಿಲ್ ಪಟ್ಟಿಯನ್ನು ಎರಡು ವರ್ಷದ ಮಗು ಕಿತ್ತು ಬಾಯಿಗಿಡಬಹುದು. ಇಲ್ಲಿ ಒಂದು ಎಚ್ಚರದ ಮಾತನ್ನು ಒತ್ತಿ ಹೇಳಲೇಬೇಕು: ಇದನ್ನೋದಿ ಯಾರೂ ಮನೆಯ ಕ್ಯಾನ್ಸರ್ ರೋಗಿಯ ಮಾರ್ಫೀನ್ ಬಚ್ಚಿಡಬೇಡಿ. ವೈದ್ಯರು ಹೇಳಿದ ಅಳತೆಯಲ್ಲಿ ಅದು ಕೊಲ್ಲುವುದಿಲ್ಲ, ಚಟವನ್ನೂ ಸುಲಭಕ್ಕೆ ಹತ್ತಿಸುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ ಹೆದರಿಕೆಯಲ್ಲಿ ಈ ದೇಶದ ಲಕ್ಷಾಂತರ ರೋಗಿಗಳು ನರಳಿಕೊಂಡೇ ಸತ್ತರು. ಅದನ್ನು ಸರಿಪಡಿಸಲೆಂದೇ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಹೆದರಬೇಕಾದದ್ದು ಅಳತೆ ತಪ್ಪಿದಾಗ.

ನಾಲೋಕ್ಸೋನ್ ಹೊಸ ಔಷಧವೇನಲ್ಲ. 1961ರಲ್ಲಿ ನ್ಯೂಯಾರ್ಕಿನಲ್ಲಿ ಜ್ಯಾಕ್ ಫಿಶ್‌ಮನ್ ಮತ್ತು ಮೋಸೆಸ್ ಲೆವೆನ್‌ಸ್ಟೀನ್ ಅದನ್ನು ತಯಾರಿಸಿದರು. 1971ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 1983ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅಷ್ಟೆಲ್ಲ ಆದ ಮೇಲೆ, 2003ರಲ್ಲಿ, ಫಿಶ್‌ಮನ್ ಅವರ ಮಲಮಗನೇ ಹೆರಾಯಿನ್ ಮಿತಿಮೀರಿ ಸತ್ತ. ಔಷಧ ಕಂಡುಹಿಡಿದವನ ಸಂಸಾರದಲ್ಲೇ ಬೇಕಾದ ಹೊತ್ತಿಗೆ ಅದು ಕೈಗೆಟುಕಲಿಲ್ಲ. ನಲವತ್ತು ವರ್ಷ ಅದು ಆಂಬುಲೆನ್ಸಿನ ಪೆಟ್ಟಿಗೆಯಲ್ಲಿ, ಆಸ್ಪತ್ರೆಯ ಟ್ರೇಯಲ್ಲಿ ಸುರಕ್ಷಿತವಾಗಿತ್ತು. 2002ರಲ್ಲಿ ಮಾಸ್ಕೋದ ರಂಗಮಂದಿರದಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಫೆಂಟನಿಲ್ ಜಾತಿಯ ಅನಿಲ ಬಿಟ್ಟಾಗ ಸತ್ತ ನೂರಿಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಸತ್ತದ್ದು ಬಂದೂಕಿನಿಂದಲ್ಲ. ಹೊರಗೆ ತಂದು ಅಂಗಾತ ಮಲಗಿಸಿದರು, ನಾಲಿಗೆ ಗಂಟಲಿಗೆ ಬಿತ್ತು. ಬಳಸಿದ ಅನಿಲ ಯಾವುದೆಂದು ವೈದ್ಯರಿಗೆ ಹೊತ್ತಿಗೆ ಸರಿಯಾಗಿ ಹೇಳಿದವರಿರಲಿಲ್ಲ.

ಮೂಗಿನ ಸ್ಪ್ರೇ ಬದಲಿಸಿದ್ದು ಇದನ್ನೇ. ಔಷಧವನ್ನು ಸೂಜಿಯಿಂದ ಬಿಡಿಸಿ ಕಂಡವರ ಕೈಗೆ ಕೊಟ್ಟಿತು. ಮೂಗಿನ ಒಳಪದರ ತೆಳು, ಅದರಡಿ ರಕ್ತನಾಳಗಳ ದಟ್ಟ ಬಲೆ. ಒಂದು ಹೊಳ್ಳೆ ಹೀರಿಕೊಳ್ಳುವುದು ಬಹಳ ಸ್ವಲ್ಪವನ್ನೇ, ಉಳಿದದ್ದು ಗಂಟಲಿಗೆ ಇಳಿದು ವ್ಯರ್ಥ. ಹಾಗಾಗಿ ನಾಲ್ಕು ಮಿಲಿಗ್ರಾಂ ಔಷಧವನ್ನು 0.1 ಮಿಲಿಲೀಟರ್‌ನಲ್ಲಿ, ಅಂದರೆ ಒಂದೆರಡು ಹನಿಯಷ್ಟರಲ್ಲಿ, ಸಾಂದ್ರವಾಗಿ ತುಂಬಿರುತ್ತಾರೆ. ಉಸಿರೆಳೆದುಕೊಳ್ಳಲಾಗದವನಿಗೂ ಅದು ಕೆಲಸ ಮಾಡುತ್ತದೆ, ಹೋಗುವುದು ಶ್ವಾಸಕೋಶಕ್ಕಲ್ಲ, ಮೂಗಿನಿಂದ ನೇರ ರಕ್ತಕ್ಕೆ. ಅಮೆರಿಕದಲ್ಲಿ 2015ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಈ ಸ್ಪ್ರೇ 2023ರ ಮಾರ್ಚ್‌ನಲ್ಲಿ ಚೀಟಿಯಿಲ್ಲದೆ ಮಾರುವುದಕ್ಕೂ ಒಪ್ಪಿಗೆ ಪಡೆಯಿತು. ನಮ್ಮ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ನಾಲೋಕ್ಸೋನ್ ಇದೆ, ಆದರೆ ಚುಚ್ಚುಮದ್ದಾಗಿ: ಒಂದು ಮಿಲಿಲೀಟರ್‌ಗೆ 0.4 ಮಿಲಿಗ್ರಾಂ. ಜಾಣತನ ಮಾಡಿ ಆ ಆಂಪೂಲನ್ನೇ ಮೂಗಿಗೆ ಹಿಂಡಿದರೆ ಆಗದೇ ಎಂದು ಕೇಳಬಹುದು. ಸ್ಪ್ರೇಯ ಒಂದು ಡೋಸಿನ ಔಷಧ ಸೇರಬೇಕಾದರೆ ಹತ್ತು ಆಂಪೂಲ್ ಹಿಂಡಬೇಕು, ಅಷ್ಟು ನೀರು ಮೂಗಿನಲ್ಲಿ ನಿಲ್ಲುವುದಿಲ್ಲ. ಅದೇ ಆಂಪೂಲನ್ನು ತೊಡೆಯ ಸ್ನಾಯುವಿಗೆ ಚುಚ್ಚಿದರೆ ಒಂದೇ ಆಂಪೂಲ್ ಸಾಕು, ಜೀವ ಉಳಿಸಬಲ್ಲದು, ಆದರೆ ಅದಕ್ಕೆ ತರಬೇತಿ ಪಡೆದ ಕೈ ಬೇಕು.

ಜನಸಾಮಾನ್ಯರ ಕೈಗೆ ಕೊಟ್ಟರೆ ನಿಜಕ್ಕೂ ಸಾವು ಇಳಿಯುತ್ತದೆಯೇ? ಅಮೆರಿಕದ ಮ್ಯಾಸಚೂಸೆಟ್ಸ್‌ನ 19 ಊರುಗಳನ್ನು 2002ರಿಂದ 2009ರವರೆಗೆ ನೋಡಿದ ಅಧ್ಯಯನ 2013ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ಬಳಕೆದಾರರಿಗೆ, ಅವರ ಮನೆಯವರಿಗೆ, ಗೆಳೆಯರಿಗೆ ತರಬೇತಿ ಕೊಟ್ಟು ಮೂಗಿಗೆ ಸಿಂಪಡಿಸುವ ನಾಲೋಕ್ಸೋನ್ ಹಂಚಿದ್ದರು. ಹೆಚ್ಚು ಹಂಚಿದ ಊರುಗಳಲ್ಲಿ ಸಾವಿನ ದರ, ಹಂಚದ ಕಡೆಗಿಂತ ಶೇ. 46 ಕಡಿಮೆ, ಕಡಿಮೆ ಹಂಚಿದ ಕಡೆಯೂ ಶೇ. 27 ಕಡಿಮೆ. ಸ್ಕಾಟ್ಲೆಂಡ್ 2011ರಿಂದ ಜೈಲಿನಿಂದ ಹೊರಡುವವರ ಕೈಗೆ ಕಿಟ್ ಕೊಡತೊಡಗಿತು. ಓಪಿಯಾಯ್ಡ್ ಸಾವುಗಳಲ್ಲಿ ಬಿಡುಗಡೆಯಾದ ನಾಲ್ಕು ವಾರದೊಳಗಿನವರ ಪಾಲು ಶೇ. 9.8ರಿಂದ 6.3ಕ್ಕೆ ಇಳಿಯಿತು. ಓಪಿಯಾಯ್ಡ್ ಸೇವನೆಯನ್ನು ಕಣ್ಣಾರೆ ಕಾಣುವ ಸಂಭವವಿರುವ ಯಾರಿಗೇ ಆಗಲಿ ನಾಲೋಕ್ಸೋನ್ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿತು. ನಮ್ಮ ಮಣಿಪುರದಲ್ಲಿ ಸೂಜಿ ಬಳಸುವವರ ನಡುವೆ ಕೆಲಸ ಮಾಡುವ ಸಂಘಗಳವರು ವರ್ಷಗಳಿಂದ ಆಂಪೂಲು ಹೊತ್ತು ತಿರುಗಿ ಜೀವ ಉಳಿಸಿದ್ದಾರೆ. ಅಮೆರಿಕದಲ್ಲಿ 2024ರಲ್ಲಿ ಸಾವು ಸುಮಾರು 80,000ಕ್ಕೆ ಇಳಿಯಿತು. ಆ ಪುಣ್ಯವನ್ನೆಲ್ಲ ಸ್ಪ್ರೇಗೇ ಬರೆಯಲಾಗದು, ಬೀದಿಯ ಸರಕೂ ಬದಲಾಗಿದೆ, ಚಿಕಿತ್ಸೆಯೂ ಹೆಚ್ಚಿದೆ. ಮದ್ದು ಕೈಲಿದ್ದರೆ ಚಟಗಾರರಿಗೆ ಧೈರ್ಯ ಬರುತ್ತದೆಂದು 2018ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞೆಯರು ವಾದಿಸಿದರು, ಆ ವಾದಕ್ಕೆ ಪ್ರತಿವಾದವೂ ಸಾಕಷ್ಟು ಬಂತು. ನನಗನ್ನಿಸುವುದು ಇಷ್ಟು: ನಾಲೋಕ್ಸೋನ್ ಎಬ್ಬಿಸುವುದು ಸುಖವಾಗಿ ಅಲ್ಲ. ವಾಂತಿ, ನಡುಕ, ಮೈಯೆಲ್ಲ ಮುಳ್ಳು, ಎಬ್ಬಿಸಿದವನ ಮೇಲೇ ಸಿಟ್ಟು. ಅದನ್ನು ಒಮ್ಮೆ ಕಂಡವನು ಧೈರ್ಯಕ್ಕೆಂದು ಅದನ್ನು ಬಯಸಲಾರ.

ದಾಬಸ್‌ಪೇಟೆಯಿಂದ ನೆಲಮಂಗಲದ ತಾಲೂಕು ಆಸ್ಪತ್ರೆಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಸೂಲಿಬೆಲೆಯಿಂದ ಹೊಸಕೋಟೆಯೂ ಹತ್ತಿರವೇನಲ್ಲ. 2008ರ ನವೆಂಬರ್‌ನಿಂದ ಓಡುತ್ತಿರುವ 108 ಆಂಬುಲೆನ್ಸ್ ಇಪ್ಪತ್ತು ನಿಮಿಷದಲ್ಲಿ ಬಂದರೂ ಅದು ಒಳ್ಳೆಯ ವೇಗವೇ. ನಾಲ್ಕು ನಿಮಿಷಕ್ಕೂ ಇಪ್ಪತ್ತು ನಿಮಿಷಕ್ಕೂ ನಡುವಿನ ಹದಿನಾರನ್ನು ಯಾವ ಹೊಸ ಹೆದ್ದಾರಿಯೂ ತುಂಬಿಕೊಡುವುದಿಲ್ಲ. ಜೊತೆಗೆ ಭಯ. ಆಸ್ಪತ್ರೆಗೆ ಹೊತ್ತು ತಂದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ, ಆಗುತ್ತದೆ, ಪೊಲೀಸರು ಬರುತ್ತಾರೆ, ರೂಮಿನ ಓನರ್ ಖಾಲಿ ಮಾಡಿಸುತ್ತಾನೆ. ಎನ್‌ಡಿಪಿಎಸ್‌ನ 64ಎ ಕಲಮು ತಾನಾಗಿ ಚಿಕಿತ್ಸೆಗೆ ಒಪ್ಪುವ ವ್ಯಸನಿಗೆ ರಕ್ಷಣೆ ಕೊಡುತ್ತದೆ. ಗೆಳೆಯನನ್ನು ಎತ್ತಿ ತಂದವನ ವಿಷಯದಲ್ಲಿ ಆ ಕಾಯ್ದೆ ಮೌನಿ. ರಸ್ತೆ ಅಪಘಾತದ ಗಾಯಾಳುವನ್ನು ತಂದವರಿಗೆ 2019ರಿಂದ ಮೋಟಾರು ವಾಹನ ಕಾಯ್ದೆಯಲ್ಲೇ ಅಭಯವಿದೆ. ರೂಮಿನ ಹುಡುಗರಿಗೂ ಅಂಥದ್ದೇ ಅಭಯ ಬೇಕು. ಇಲ್ಲದಿದ್ದರೆ ಅವರು ಕೈಯಲ್ಲಿರುವ ನಾಲ್ಕು ನಿಮಿಷವನ್ನು ಓಡಿಹೋಗುವುದಕ್ಕೆ ಬಳಸುತ್ತಾರೆ.

ಸ್ಪ್ರೇ ಇರಲಿ ಬಿಡಲಿ, ಮಾಡಬಹುದಾದ ಕೆಲಸವಿದೆ. ಗಟ್ಟಿಯಾಗಿ ಹೆಸರು ಹಿಡಿದು ಕೂಗಿ, ಎದೆಯ ನಡುಮೂಳೆಯನ್ನು ಗೆಣ್ಣಿನಿಂದ ಒತ್ತಿ ಉಜ್ಜಿ. ಏಳದಿದ್ದರೆ 108ಕ್ಕೆ ಕರೆ ಮಾಡಿ, "ಉಸಿರಾಡುತ್ತಿಲ್ಲ" ಎಂಬ ಮಾತನ್ನು ಮೊದಲು ಹೇಳಿ. ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಊದಿ. ನಾಡಿಯೂ ಸಿಗದಿದ್ದರೆ ಎದೆ ಒತ್ತಬೇಕು. ಸ್ಪ್ರೇ ಸಿಕ್ಕಿದ್ದರೆ ತಲೆ ಹಿಂದಕ್ಕೆ ಬಾಗಿಸಿ ಒಂದು ಹೊಳ್ಳೆಗೆ ಪೂರ್ತಿ ಒತ್ತಿ. ಬರುತ್ತದೋ ಇಲ್ಲವೋ ಎಂದು ಗಾಳಿಗೆ ಒಮ್ಮೆ ಒತ್ತಿ ನೋಡಬಾರದು, ಒಂದು ಸ್ಪ್ರೇಯಲ್ಲಿ ಇರುವುದೇ ಒಂದು ಡೋಸು. ಎರಡು ಮೂರು ನಿಮಿಷ ಉಸಿರು ಊದುತ್ತಲೇ ಇದ್ದು, ಏಳದಿದ್ದರೆ ಎರಡನೆಯ ಸ್ಪ್ರೇಯನ್ನು ಇನ್ನೊಂದು ಹೊಳ್ಳೆಗೆ. ಉಸಿರು ಬಂದ ಮೇಲೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಹೋಗದಿರಲಿ. ಮಜ್ಜಿಗೆ, ಹುಣಸೆ ನೀರು, ಉಪ್ಪುನೀರು, ನಿಂಬೆಹಣ್ಣು, ತಲೆಗೆ ತಣ್ಣೀರು ಯಾವುದೂ ಬೇಡ. ಪ್ರಜ್ಞೆಯಿಲ್ಲದವನ ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಟ್ರಮಡಾಲ್ ನುಂಗಿದವನಿಗೆ ಫಿಟ್ಸ್ ಬರಬಹುದು, ಅದನ್ನು ನಾಲೋಕ್ಸೋನ್ ತಡೆಯುವುದಿಲ್ಲ. ವ್ಯಸನದ ಬಗ್ಗೆ ಗುಟ್ಟಾಗಿ ಮಾತಾಡಲು 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416 ಇವೆ.

ಫಿಟ್ಸ್ ಅಂದಮೇಲೆ, ನಮ್ಮ ಅಧಿಕಾರಿಗಳ ಮುಂದಿಡಬೇಕಾದ ದೊಡ್ಡ ಪುರಾವೆ ನೆನಪಾಗುತ್ತದೆ. ಹಳ್ಳಿಯವರ ಕೈಗೆ ಮೂಗಿನ ಸ್ಪ್ರೇ ಕೊಟ್ಟರೆ ಬಳಸಲು ಬರುತ್ತದೆಯೇ ಎಂದು ಕೇಳುವವರಿಗೆ ಉತ್ತರ ಆಗಲೇ ಸಿಕ್ಕಿದೆ. ಮೂರ್ಛೆರೋಗವಿರುವ ಮಕ್ಕಳ ತಾಯಂದಿರಿಗೆ ನಮ್ಮ ನರರೋಗ ತಜ್ಞರು ಮಿಡಜೋಲಾಮ್ ಎಂಬ ಔಷಧದ ಮೂಗಿನ ಸ್ಪ್ರೇಯನ್ನು ವರ್ಷಗಳಿಂದ ಬರೆದುಕೊಡುತ್ತಿದ್ದಾರೆ. ಫಿಟ್ಸ್ ಐದು ನಿಮಿಷ ಮೀರಿದರೆ ಆ ತಾಯಿ ಮಗುವಿನ ಮೂಗಿಗೆ ಇಷ್ಟು ಸಲ ಎಂದು ಎಣಿಸಿ ಒತ್ತಿ, ಆಮೇಲೆ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ಮಿಡಜೋಲಾಮ್ ಎನ್‌ಡಿಪಿಎಸ್ ಪಟ್ಟಿಯ ಔಷಧ, ಅಮಲು ತರುವಂಥದ್ದು, ಉಸಿರು ತಗ್ಗಿಸುವಂಥದ್ದು. ಅದನ್ನು ಸೆರಗಿನ ಗಂಟಿನಲ್ಲಿ ಒಯ್ಯಲು ಬಿಟ್ಟವರು, ಅಮಲೇ ಇಲ್ಲದ ನಾಲೋಕ್ಸೋನನ್ನು ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಹೈವೇ ಪೊಲೀಸರ ಜೀಪಿನಲ್ಲಿ, ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ, ವ್ಯಸನಮುಕ್ತಿ ಕೇಂದ್ರದಿಂದ ಮಗನನ್ನು ಕರೆದೊಯ್ಯುವ ಅಪ್ಪನ ಜೇಬಿನಲ್ಲಿ ಇಡಲು ಯಾಕೆ ಹಿಂಜರಿಯಬೇಕೋ ನನಗೆ ತಿಳಿಯದು. ಸ್ಪ್ರೇ ಬರುವವರೆಗೆ ಕನಿಷ್ಠ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ, ಪ್ರತಿ 108ರ ಟ್ರೇಯಲ್ಲಿ ಅವಧಿ ಮೀರದ ಎರಡು ಆಂಪೂಲಾದರೂ ಇರಬೇಕು.

ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿ ಇಟ್ಟುಕೊಂಡವರಿಗೆ ಒಂದು ವಿಷಯ. ಅದೂ ಮೂಗಿಗೆ, ಇದೂ ಮೂಗಿಗೆ ಎಂದು, ಗೊರಕೆ ಹೊಡೆಯುತ್ತಾ ನೀಲಿಗಟ್ಟುತ್ತಿರುವವನಿಗೆ ಯಾರಾದರೂ ಅವಸರದಲ್ಲಿ ಅದನ್ನು ಒತ್ತಿದರೆ ಉಳಿದಿರುವ ಉಸಿರೂ ನಿಲ್ಲುತ್ತದೆ. ಆ ಬಾಟಲಿಯ ಮೇಲೆ ಮಗುವಿನ ಹೆಸರನ್ನೂ "ಫಿಟ್ಸ್‌ಗೆ ಮಾತ್ರ" ಎಂಬುದನ್ನೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಇವತ್ತೇ ಬರೆದು ಅಂಟಿಸಿಬಿಡಿ.